ಬೇರಿನವರ ಸೀರೆ

ಪಸ್ತಾಪುರದ ಗುಂಡಮ್ಮನಿಗೆ ಸಾವಿನ ಭಯವಿರಲಿಲ್ಲ. ಸತ್ತ ಮೇಲೆ ಮೈಮೇಲೆ ಬೀಳುವ ಸೀರೆಯದೇ ಚಿಂತೆ. ಆ ಸೀರೆ ತವರಿನದೇ ಆಗಬೇಕು. ಮಗ ಬೀರಣ್ಣ ಜಹೀರಾಬಾದಿನಿಂದ ಪಟ್ಟೆ ಪೀತಾಂಬರವನ್ನೇ ತಂದು ಹೊದಿಸಿದರೂ ಅದು ಗಂಡನ ಮನೆಯ ಬಟ್ಟೆಯೇ ತಾನೆ? ಕಂಗ್ಟಿ ಕಡೆಯ ಅವಳ ತವರಿನಲ್ಲಿ ಇದ್ದೊಬ್ಬ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಅವನೊಂದಿಗೆ ಅವರ ಬೆಡಗೂ ಮುಗಿಯಿತು. ಕುರುಬರಲ್ಲಿ ಒಂದೇ ಬೆಡಗಿನವರೆಂದರೆ ಒಂದೇ ಬಳ್ಳಿಯ ಕಾಯಿಗಳು, ಹುಟ್ಟಾ ಅಣ್ಣತಮ್ಮಂದಿರು. ಇವಳದು ‘ಬೇರಿನವರು’ ಎಂಬ ಬೆಡಗು. ಬೇನೆ ಬಿದ್ದ ಕುರಿಗಳಿಗೆ ಕಾಡಿನ ಬೇರು ಅರೆದು ಕುಡಿಸುತ್ತಿದ್ದ ಯಾವನೋ ಮುತ್ಯಾನಿಂದ ಆ ಹೆಸರು ಬಂದದ್ದಂತೆ.

ನಾಗರಪಂಚಮಿ ಬಂತೆಂದರೆ ಓಣಿಯ ಹೆಂಗಸರೆಲ್ಲ ಅಣ್ಣತಮ್ಮಂದಿರ ಹಿಂದೆ ತವರಿಗೆ ಹೊರಡುವರು. ಗುಂಡಮ್ಮ ಬಾಗಿಲು ಮುಂದೆ ಮಾಡಿ ಹೊಲದ ಬದುವಿನ ಮೇಲೆ ಹೋಗಿ ಕೂಡುವಳು. ಹಬ್ಬದ ದಿನ ಹೊಲದಲ್ಲಿ ಏನು ಕೆಲಸ? ಏನೂ ಇಲ್ಲ. ಮನೆಯಲ್ಲಿ ಕೂತರೆ ಅಳು ಬರುತ್ತದೆ, ಅಷ್ಟೆ.

ಹೀಗಿರುವಾಗ ಜರ್ಮನಿಯಿಂದ ಯೋನಾಸ್ ಎಂಬ ಹುಡುಗ ಬಂದ. ನವಣೆ, ಸಜ್ಜೆ ಬೆಳೆಯುವ, ಗುಂಡಮ್ಮನೂ ಇದ್ದ ಹೆಂಗಸರ ಸಂಘದಲ್ಲಿ ಬೀಜ ಕಾಯ್ದಿಡುವ ಬಗೆ ಕಲಿಯುವುದು ಅವನ ಉದ್ದೇಶ. ಸಂಘದಲ್ಲೇ ಕೆಲಸಕ್ಕಿದ್ದ ಅವಳ ಮೊಮ್ಮಗಳು ಸ್ವಾತಿ ಅವನ ಮಾತು ಇವಳಿಗೆ, ಇವಳ ಮಾತು ಅವನಿಗೆ ಹೇಳುವಳು. ಬೀಜಕ್ಕೆ ಬೂದಿ ಬೆರೆಸುತ್ತ ಗುಂಡಮ್ಮ, ಆ ಸೀಮೆಯಲ್ಲಿ ಹೊಸಬರನ್ನು ಎಲ್ಲರೂ ಕೇಳುವಂತೆ, ಮನೆತನದ ಹೆಸರೇನೆಂದು ಕೇಳಿದಳು. ಹುಡುಗ ಎದೆ ಮುಟ್ಟಿಕೊಂಡು ‘ಬೇರ್’ ಎಂದ.

ಬೂದಿಯೊಳಗೆ ಅವಳ ಕೈ ನಿಂತುಬಿಟ್ಟಿತು. ಇನ್ನೊಮ್ಮೆ ಹೇಳಿಸಿದಳು. ಅದೇ ಹೆಸರು! ಬೂದಿಗೈಯಲ್ಲೇ ಅವನ ಕೆನ್ನೆ ಸವರಿ ಲಟಲಟ ಲಟಿಕೆ ಮುರಿದಳು.

“ಇಂವ ನಮ್ಮ ಬೆಡಗಿನಾವ ಅದಾನವಾ,” ಎಂದಳು. “ಕುರಿ ಹೊಡ್ಕೊಂಡು ಹೋದೋರು, ಮೇವು ಸಿಕ್ಕ ಕಡಿ ನಿಂತಿರ್ತಾರ.”

ಪಕ್ಕದ ಮನೆಯ ಲಚ್ಚಮ್ಮ ಸುಮ್ಮನಿರುವ ಪೈಕಿಯೇ? ಹಂಗಾದರೆ ಇಷ್ಟು ಬೆಳ್ಳಗೆ ಯಾಕಿದ್ದಾನೆ ಎಂದು ಕೇಳಿದಳು. ಆ ಕಡೆ ಬಿಸಿಲು ಕಮ್ಮಿ ಎಂದು ಗುಂಡಮ್ಮ ಅವಳ ಬಾಯಿ ಮುಚ್ಚಿಸಿದಳು. ಅಂದಿನಿಂದ ಹುಡುಗನಿಗೆ ದಿನಾ ಬಿಸಿ ರೊಟ್ಟಿ, ಪುಂಡಿಪಲ್ಯ. ಅಣ್ಣನ ಮಗ ಕರೆಯುವಂತೆ ‘ಅತ್ತಿ’ ಎಂದು ಕರೆಯಲು ಕಲಿಸಿದಳು. ಅವನು ‘ಅಟ್ಟಿ’ ಅನ್ನುತ್ತಿದ್ದ. ಅಷ್ಟಕ್ಕೇ ಮುದುಕಿಯ ಮುಖ ಊರಗಲ.

ಪಂಚಮಿ ಹತ್ತಿರ ಬಂತು. ಒಂದು ಸಂಜೆ ಗುಂಡಮ್ಮ ಬಹಳ ದಿನದಿಂದ ಗಂಟಲಲ್ಲಿದ್ದ ಮಾತನ್ನು ಹೊರಹಾಕಿದಳು. ತಾನು ಸತ್ತಾಗ ಎಲ್ಲಿದ್ದರೂ ಒಂದು ಸೀರೆ ಕಳಿಸುತ್ತಾನೇನು, ಕೇಳು ಎಂದು ಸ್ವಾತಿಗೆ ಹೇಳಿದಳು. ಸ್ವಾತಿ ತಡವರಿಸಿದಳು, ತಲೆ ತಗ್ಗಿಸಿದಳು, ಕೊನೆಗೆ ಕೇಳಿದಳು. ಕೈಯಲ್ಲಿದ್ದ ರೊಟ್ಟಿಯನ್ನು ಯೋನಾಸ್ ಕೆಳಗಿಟ್ಟ. ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

ಬೇರ್ ಎಂದರೆ ಅವರ ಕಡೆ ಕರಡಿ ಎಂದು ಅರ್ಥವಂತೆ. ಆ ಹೆಸರಿನವರು ಅಲ್ಲಿ ಬೇಕಾದಷ್ಟು. ಕೋಟೆ ಕಟ್ಟಿದ ದೊಡ್ಡ ಜಹಗೀರದಾರರ ಮನೆತನಗಳೇ ಹಲವು, ಅವುಗಳಲ್ಲೇ ಒಂದಕ್ಕೊಂದು ಸಂಬಂಧವಿಲ್ಲ. ಸಂಗೀತಗಾರರಿದ್ದಾರೆ, ಪಂಡಿತರಿದ್ದಾರೆ. ಇವನ ಅಪ್ಪ ಬ್ರೆಡ್ಡು ಸುಡುವವನು.

“ಅವ್ರು ಬ್ಯಾರೇನೇ ಆಯಿ,” ಎಂದಳು ಸ್ವಾತಿ. “ಬೇರಿನೋರು ಅಲ್ಲ.”

ಗುಂಡಮ್ಮ ಹುಡುಗನ ತಲೆ ಸವರಿ, ರೊಟ್ಟಿ ಆರಿಹೋಗುತ್ತದೆ ಉಣ್ಣು ಎಂದು ಸನ್ನೆ ಮಾಡಿ ಒಳಗೆ ಹೋದಳು. ಒಲೆಯ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಣ್ಣ ಎರಡನೇ ಸಲ ಸತ್ತಂತಾಗಿತ್ತು. ಹುಡುಗನ ಮೇಲೆ ಸಿಟ್ಟಿರಲಿಲ್ಲ. ತನ್ನ ಹುಚ್ಚು ಆಸೆಯ ಬಗ್ಗೆ ನಾಚಿಕೆ ಇತ್ತು. ಮರುದಿನವೂ ರೊಟ್ಟಿ ಕಳಿಸಿದಳು, ತಾನು ಮಾತ್ರ ಹೋಗಲಿಲ್ಲ.

ಪಂಚಮಿಯ ಬೆಳಗ್ಗೆ ಎಂದಿನಂತೆ ಬದುವಿಗೆ ಹೊರಟು ಬಾಗಿಲು ತೆರೆದರೆ ಯೋನಾಸ್ ನಿಂತಿದ್ದ. ಹಿಂದೆ ಸ್ವಾತಿ. ಅವನ ಎರಡೂ ಕೈಮೇಲೆ ಹಸಿರು ಸೀರೆ, ಅದರ ಮೇಲೆ ಕುಬಸದ ಖಣ, ಕೊಬ್ಬರಿ ಬಟ್ಟಲು, ಜೋಳದ ಅರಳಿನ ಪೊಟ್ಟಣ. ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಅವನು ನಿಧಾನವಾಗಿ ಹೇಳಿದ.

“ಅಟ್ಟಿ, ನಮ್ಮೂರಾಗ ದೊಡ್ಡೋರೂ ಬೇರ್, ಬ್ರೆಡ್ಡು ಸುಡೋರೂ ಬೇರ್. ಹೆಸರು ಒಂದೇ. ಯಾರೂ ಯಾರಿಗೂ ಸೀರಿ ಕೊಡಂಗಿಲ್ಲ. ನಾ ಕೊಡ್ತೀನಿ.”

ಗುಂಡಮ್ಮ ಸೀರೆ ಈಸಿಕೊಂಡು ಕಣ್ಣಿಗೊತ್ತಿಕೊಂಡಳು. ತವರಿಗೆ ಹೊರಟು ಜಗಲಿಯಲ್ಲಿ ಅಣ್ಣನ ದಾರಿ ಕಾಯುತ್ತಿದ್ದ ಲಚ್ಚಮ್ಮ, ಟ್ರಂಕಿನ ತಳಕ್ಕೆ ನುಸಿಗುಳಿಗೆ ಹಾಕಿ ಇಡು, ಕಡೆಗಾಲಕ್ಕೆ ಆಗುತ್ತದೆ ಎಂದಳು. ಗುಂಡಮ್ಮ ಒಳಗೆ ಹೋಗಿ ಕದ ಹಾಕಿಕೊಂಡಳು. ಟ್ರಂಕು ತೆರೆದ ಸಪ್ಪಳ ಮಾತ್ರ ಕೇಳಲಿಲ್ಲ.

ಕದ ತೆರೆದಾಗ ಆ ಹಸಿರು ಸೀರೆ ಅವಳ ಮೈಮೇಲಿತ್ತು. ನಿರಿಗೆಗೆ ಇನ್ನೂ ಅಂಗಡಿಯ ಗಂಜಿಯ ಬಿಗಿ.

“ಹೆಣದ ಮ್ಯಾಲ ಹಾಕಿದ್ರ ನನಗ ಕಾಣ್ತದೇನು?” ಎಂದಳು.

ಓಣಿಯ ಬೇವಿನ ಮರಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಕಟ್ಟಿದ್ದರು. ಗುಂಡಮ್ಮ ಬದುವಿನ ಹಾದಿ ಬಿಟ್ಟು ನೆಟ್ಟಗೆ ಅಲ್ಲಿಗೆ ನಡೆದಳು. ಹುಡುಗಿಯರನ್ನು ಸರಿಸಿ, ಹಗ್ಗ ಹಿಡಿದು ಏರಿ ಕೂತು, ಹಿಂದೆ ತಿರುಗಿ ಕರೆದಳು.

“ಬಾರೋ ಅಳಿಯಾ. ತೂಗು.”