ಇಳಿಜಾರಿನ ಬಸ್ಸು ಮತ್ತು ನನ್ನ ಎಡಗಾಲು

ಗರ್ರ್... ಗರ್ರ್... ಟುಸ್.

ಮತ್ತೊಮ್ಮೆ ಗರ್ರ್... ಗರ್ರ್... ಟುಸ್. ನಡುವೆ ಒಬ್ಬ ಗಂಡಸಿನ ಉಸಿರು, "ಹುಶ್ಶಪ್ಪಾ" ಅಂತ. ಅದಾದ ಮೇಲೆ ಬೀದಿಗೆ ಬೀದಿಯೇ ನಡುಗುವ ಹಾಗೆ ಢಬಢಬಢಬ!

ಐವತ್ತರ ದಶಕದ ಕೊನೆಯಲ್ಲಿ, ಶಿಕಾರಿಪುರದಲ್ಲಿ, ಇದು ನನ್ನ ಅಲಾರಂ. ಸೊರಬಕ್ಕೆ ಹೋಗುವ ಬಸ್ಸು ನಮ್ಮ ಮನೆ ಎದುರಿಗೇ ನಿಲ್ಲುತ್ತಿತ್ತು. ಅದರ ಸೆಲ್ಫ್ ಸ್ಟಾರ್ಟರ್ ಯಾವ ಕಾಲಕ್ಕೋ ಕೆಟ್ಟು ಕೂತಿತ್ತು. ಹಾಗಾಗಿ ಡ್ರೈವರ್ ಈರಣ್ಣ ಬೆಳಗ್ಗೆ ಎದ್ದು ಬಸ್ಸಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಚುಚ್ಚಿ, ಬಗ್ಗಿ, ತಿರುವಿ ತಿರುವಿ ಅದನ್ನು ಎಬ್ಬಿಸಬೇಕಿತ್ತು. ಬಸ್ಸು ಏಳುವ ಹೊತ್ತಿಗೆ ನಾನೂ ಏಳುತ್ತಿದ್ದೆ.

ಈ ಸದ್ದು ಈಗ ಯಾಕೆ ನೆನಪಾಯಿತು ಅಂತೀರಾ?

ಕಳೆದ ವಾರ ನನ್ನ ಸೊಂಟ ಹಿಡಿದುಕೊಂಡಿತು. (ಈ ವಯಸ್ಸಿನಲ್ಲಿ ಅದೇನು ನ್ಯೂಸ್ ಅಲ್ಲ ಬಿಡಿ.) ಫಿಸಿಯೋಥೆರಪಿಗೆ ಹೋದೆ. ಚುರುಕು ಹುಡುಗಿ. "ಆಂಟಿ, ಬಗ್ಗುವಾಗ ಮಂಡಿ ಮಡಚಬೇಕು, ಒಂದೇ ಕಡೆ ಕೂರಬಾರದು" ಎಂದು ಸೊಗಸಾಗಿ ಲೆಕ್ಚರ್ ಕೊಟ್ಟಳು. ಕೆಳಗೆ ಬಿದ್ದ ಟವೆಲ್ ಎತ್ತಲು ಬಗ್ಗಿದವಳು "ಅಮ್ಮಾ!" ಅಂತ ಅರ್ಧದಲ್ಲೇ ನಿಂತುಬಿಟ್ಟಳು. ಬಿಳಿ ಕೋಟಿನೊಳಗೆ ಸೊಂಟಕ್ಕೆ ದಪ್ಪ ಬೆಲ್ಟ್ ಕಟ್ಟಿಕೊಂಡಿದ್ದಾಳೆ!

"ಪ್ಲೀಸ್ ಆಂಟಿ, ಹೊರಗೆ ಯಾರಿಗೂ ಹೇಳ್ಬೇಡಿ. ಬೆನ್ನುನೋವು ವಾಸಿ ಮಾಡೋಳಿಗೇ ಬೆನ್ನುನೋವು ಅಂದ್ರೆ ಯಾರ್ ಬರ್ತಾರೆ?"

ಹೇಳುವುದಿಲ್ಲ ಎಂದು ಪ್ರಾಮಿಸ್ ಮಾಡಿದೆ. (ನಿಮಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಅವಳ ಹೆಸರು ಹೇಳಿದೆನೇ?)

ಆಟೋದಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಈರಣ್ಣನದೇ ಯೋಚನೆ.

ಈರಣ್ಣನ ಕಥೆಗೆ ಮೊದಲು ನನ್ನ ಎಡಗಾಲಿನ ಕಥೆ ಹೇಳಬೇಕು. ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ನಮ್ಮ ಕಡೆ ಹೀಗೆ ಹುಟ್ಟಿದವರಿಗೆ ಬಹಳ ಡಿಮ್ಯಾಂಡು. ಸೊಂಟ ಉಳುಕಿದವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದೆಯಬೇಕು. ಉಳುಕು ಓಡಿಹೋಗುತ್ತದೆ.

ಓಡಿಹೋಗುತ್ತಿತ್ತಾ? ನನ್ನನ್ನು ಕೇಳಬೇಡಿ. ನಾನು ಶಿವಮೊಗ್ಗದ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದುತ್ತಿದ್ದವಳು. ಅಲ್ಲಿ ಸಿಸ್ಟರ್ ಇದನ್ನು ಕೇಳಿ "ಸೂಪರ್‌ಸ್ಟಿಷನ್, ಮೈ ಚೈಲ್ಡ್!" ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಿದ್ದರು. ಆದರೆ ರಜೆಗೆ ಊರಿಗೆ ಬಂದೆನೆಂದರೆ ಹಿತ್ತಲಲ್ಲಿ ನನ್ನ ಪೇಷೆಂಟುಗಳು ಹಾಜರ್. ಮೂಟೆ ಹೊರುವವರು, ನಾಟಿ ಮಾಡಿ ನಡು ಬಿದ್ದ ಹೆಂಗಸರು, ಇಡೀ ದಿನ ಬಗ್ಗಿ ಹೊಲಿಯುವ ದರ್ಜಿ.

ತಮಾಷೆ ಏನೆಂದರೆ ನಮ್ಮ ಅಪ್ಪನೇ ಊರಿನ ಡಾಕ್ಟರು. ಮುಂಬಾಗಿಲಲ್ಲಿ ಸೈನ್ಸು, ಹಿತ್ತಲ ಬಾಗಿಲಲ್ಲಿ ನಾನು! ಅಪ್ಪ ಗೊಣಗುತ್ತಿದ್ದರು. ಆದರೆ ನನ್ನ ಮ್ಯಾನೇಜರ್ ಸೊರಬದ ಕಡೆಯ ಅಜ್ಜಿ. ತನ್ನ ತಾಯಿಗೆ ಎದುರು ಮಾತಾಡುವ ಧೈರ್ಯ ಯಾವ ಡಾಕ್ಟರಿಗಿದೆ?

ಇನ್ನೊಂದು ರೂಲ್ ಇತ್ತು. ದೊಡ್ಡವರನ್ನು ಒದೆಯುವುದು ಪಾಪ. ಆದ್ದರಿಂದ ಒದ್ದ ಮರುಕ್ಷಣ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ಒದೆ, ನಮಸ್ಕಾರ. ಒದೆ, ನಮಸ್ಕಾರ. ಸಾಲು ದೊಡ್ಡದಿದ್ದ ದಿನ ಬಗ್ಗಿ ಬಗ್ಗಿ ನನ್ನ ಸೊಂಟವೇ ಹಿಡಿಯುತ್ತಿತ್ತು.

ಒಂದು ಬೇಸಿಗೆ ರಜೆಯ ಬೆಳಗ್ಗೆ ಗರ್ರ್... ಗರ್ರ್... ಕೇಳಿಸಿತು. ಆಮೇಲೆ ಢಬಢಬ ಕೇಳಿಸಲಿಲ್ಲ. "ಯಪ್ಪಾ!" ಅಂತ ಕೇಳಿಸಿತು.

ಓಡಿ ಹೋಗಿ ನೋಡಿದರೆ ಈರಣ್ಣ ಬಸ್ಸಿನ ಮುಂದೆ ಬಗ್ಗಿದವನು ಬಗ್ಗಿದ ಹಾಗೇ ಇದ್ದಾನೆ. ಒಳಗೆ ಕೂತವರು, ಹೊರಡುವ ಮುಂಚೆ ಗಾಡಿಗೆ ಕೈಮುಗಿಯುತ್ತಿದ್ದಾನೆ ಎಂದುಕೊಂಡು ತಾವೂ ಭಕ್ತಿಯಿಂದ ಕೈಮುಗಿದು ಕೂತಿದ್ದರು!

ನಾಲ್ಕು ಜನ ಅವನನ್ನು ಹಾಗೇ ಎತ್ತಿ ತಂದರು. ಅಪ್ಪ ಇಂಜೆಕ್ಷನ್ ಚುಚ್ಚಿ ಹೇಳಿದರು, "ಒಂದು ತಿಂಗಳು ಗಾಡಿ ಮುಟ್ಟಬೇಡ ಈರಣ್ಣ. ಹ್ಯಾಂಡಲ್ ಅಂತೂ ಜನ್ಮದಲ್ಲೇ ಬೇಡ. ಕಂಪ್ಲೀಟ್ ರೆಸ್ಟ್."

"ತಿಂಗ್ಳು ಬಿಟ್ರೆ ಬಸ್ಸಿನ ಸಾವ್ಕಾರು ಆ ಸೀಟಿಗೆ ಬ್ಯಾರೆಯವ್ನನ್ನ ಕೂರಿಸ್ತಾರ್ರೀ ಡಾಕ್ಟ್ರೇ," ಎಂದ ಈರಣ್ಣ, ಮಂಚದಲ್ಲಿ ಮುದುಡಿಕೊಂಡೇ. "ಅವ್ರ ಹೆಂಡ್ತಿ ತಮ್ಮ ಒಬ್ಬ ಕಾಯ್ತಾ ಕುಂತಾನೆ. ನಂಗೆ ಸ್ಟೇರಿಂಗ್ ಬಿಟ್ರೆ ಇನ್ನೊಂದು ಹಿಡ್ದು ಗೊತ್ತಿಲ್ರೀ. ನೇಗಿಲೂ ಹಿಡಿದಿಲ್ಲ."

"ಕಂಡಕ್ಟರ್ ಹ್ಯಾಂಡಲ್ ಹೊಡೀಲಿ."

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ತಿಪ್ಪೇಶಿ ತನ್ನ ಬಲಗೈ ಎತ್ತಿ ತೋರಿಸಿದ. ಹಿಂದಿನ ವರ್ಷ ಇದೇ ಹ್ಯಾಂಡಲ್ ವಾಪಸ್ ಒದ್ದು ಮಣಿಕಟ್ಟು ಮುರಿದಿತ್ತು. ಸೊಟ್ಟಗೆ ಕೂಡಿಕೊಂಡಿತ್ತು. ಟಿಕೆಟ್ ಹರಿಯುವುದೇ ಅವನಿಗೆ ಕಷ್ಟ. ಒಂದು ಬಸ್ಸು, ಇಬ್ಬರು ಕೆಲಸಗಾರರು, ಇಬ್ಬರೂ ರಿಪೇರಿಗೆ ಬಂದವರು!

ಮರುದಿನ ಬೆಳಗ್ಗೆ ಈರಣ್ಣ ತಿಪ್ಪೇಶಿಯ ಹೆಗಲು ಹಿಡಿದು ಹಿತ್ತಲ ಬಾಗಿಲಿಗೂ ಬಂದ. "ಸಣ್ಣಮ್ಮಾರೇ, ಜೋರಾಗೇ ಒದೀರಿ. ನಾಚ್ಕಬ್ಯಾಡ್ರಿ." ಒದ್ದೆ. ನಮಸ್ಕಾರ ಮಾಡಿದೆ. ಎರಡು ದಿನಕ್ಕೆ ಎದ್ದು ಓಡಾಡಿದ. ಇಂಜೆಕ್ಷನ್ ಎಂದರು ಅಪ್ಪ. ಎಡಗಾಲು ಎಂದಿತು ಊರು.

ಕೂತರೆ ಬಸ್ಸು ಬಿಡುತ್ತಿದ್ದ. ಆದರೆ ಬಗ್ಗಿ ಹ್ಯಾಂಡಲ್ ತಿರುವಲು ಆಗುತ್ತಲೇ ಇರಲಿಲ್ಲ. ಮೊದಮೊದಲು ಪ್ಯಾಸೆಂಜರುಗಳೇ ಇಳಿದು ತಳ್ಳಿದರು. ಆಮೇಲೆ ಯಾರಿಗೆ ಹೊಳೆಯಿತೋ ಗೊತ್ತಿಲ್ಲ, ಬಸ್ಸು ನಮ್ಮ ಮನೆ ಎದುರು ನಿಲ್ಲುವುದು ನಿಂತೇ ಹೋಯಿತು. ಕೆರೆ ಏರಿಯ ಪಕ್ಕದ ಇಳಿಜಾರಿನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸತೊಡಗಿದ. ಕಲ್ಲು ತೆಗೆದರೆ ಬಸ್ಸು ತಾನೇ ಉರುಳುತ್ತದೆ. ಉರುಳುವಾಗ ಗೇರು ಹಾಕಿ ಕ್ಲಚ್ ಬಿಟ್ಟರೆ ಢಬಢಬ! ನಡುದಾರಿಯ ಶಿರಾಳಕೊಪ್ಪದಲ್ಲಿ ಇಂಜಿನ್ ಆರಿಸುವ ಹಾಗೇ ಇಲ್ಲ. ಸೊರಬದಲ್ಲಿ ಸ್ಟ್ಯಾಂಡ್ ಬಿಟ್ಟು, ಹೊಳೆ ಕಡೆ ಇಳಿಯುವ ದಾರಿಯಲ್ಲಿ ನಿಲುಗಡೆ.

ಯೋಚನೆ ಮಾಡಿ. ಒಬ್ಬ ಮನುಷ್ಯನ ಸೊಂಟಕ್ಕಾಗಿ ಎರಡು ಊರು ತಮ್ಮ ಬಸ್ ಸ್ಟಾಪನ್ನೇ ಬದಲಾಯಿಸಿಕೊಂಡವು! ಜನ ಗೊಣಗಲಿಲ್ಲವೇ? ಧಾರಾಳವಾಗಿ ಗೊಣಗಿದರು. ಗೊಣಗುತ್ತಲೇ ಬುಟ್ಟಿ ಹೊತ್ತು ಇಳಿಜಾರಿಗೆ ನಡೆದರು. ಕುಪ್ಪಗಡ್ಡೆಯ ಒಬ್ಬ ಹೆಂಗಸು ನನ್ನ ಅಜ್ಜಿಗೆ ಹೇಳಿದ್ದು ನೆನಪಿದೆ. "ಹೊಸಬ ಬಂದ್ರೆ ನಾವು ಗದ್ದೆ ಅಂಚಿಂದ ಕೈ ಅಡ್ಡ ಹಾಕಿದ್ರೆ ನಿಲ್ಸ್ತಾನ ಅಮ್ಮಾ? ಬಾಣಂತಿ ಕೂತ್ರೆ ಹೊಂಡ ನೋಡಿ ಗಾಡಿ ಬಿಡ್ತಾನ?" ಅದು ಬರೀ ದಯೆ ಅಲ್ಲ ಸ್ವಾಮಿ, ಅಪ್ಪಟ ಕಾಮನ್‌ಸೆನ್ಸ್.

ಆದರೆ ಸುದ್ದಿ ಬಸ್ಸಿಗಿಂತ ಬೇಗ ಓಡುತ್ತದಲ್ಲ? ಸಾವ್ಕಾರರ ಕಿವಿಗೂ ಬಿತ್ತು.

ಒಂದು ದಿನ ನಾನು, ಅಜ್ಜಿ ಸೊರಬಕ್ಕೆ ಅತ್ತೆ ಮನೆಗೆ ಹೊರಟಿದ್ದೆವು. ಇಳಿಜಾರಿನಲ್ಲಿ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಸಾವ್ಕಾರರೇ ಕೂತಿದ್ದಾರೆ! ಬಿಳಿ ಕಚ್ಚೆ, ಕರಿ ಕೋಟು, ದೊಡ್ಡ ಮೀಸೆ. ಈ ಬಸ್ಸಿನ ಮಾಲೀಕರು.

"ಇಲ್ಯಾಕೋ ನಿಲ್ಸಿದೀಯ ಗಾಡೀನ?"

ಈರಣ್ಣ ಬಾಯಿ ತೆರೆಯುವ ಮುಂಚೆ ಬಸ್ಸಿಗೆ ಬಸ್ಸೇ ಮಾತಾಡಿತು.

"ಇಲ್ಲಿ ನೆಳ್ಳು ಚಲೋ ಐತ್ರೀ ಸಾವ್ಕಾರ್ರೇ." (ಸುತ್ತ ಒಂದು ಗಿಡವೂ ಇರಲಿಲ್ಲ.)

"ಕೆರೆ ಗಾಳಿ ಬರ್ತೈತ್ರೀ."

"ಊರಾಗೆ ನಿಲ್ಸಿದ್ರೆ ದನ ಬಂದು ಬಸ್ಸಿಗೆ ಮೈ ಉಜ್ಜತಾವ್ರೀ."

ಸಾವ್ಕಾರರು ಮೀಸೆಯಡಿ ಏನೋ ಅಂದುಕೊಂಡರು. ಬಸ್ಸು ಉರುಳಿತು, ಹತ್ತಿಕೊಂಡಿತು, ಹೊರಟಿತು. ಆ ಕಾಲದ ರಸ್ತೆ! ಹೊಂಡಗಳ ನಡುವೆ ಅಲ್ಲಲ್ಲಿ ಸ್ವಲ್ಪ ರಸ್ತೆ. ಉಡುತಡಿಯ ಕಡೆ ದಾರಿ ಒಡೆಯುವಲ್ಲಿ ಒಂದು ಹೊಂಡಕ್ಕೆ ಇಳಿದಾಗ ಸಾವ್ಕಾರರ ಮುಖ ಹುಣಸೆಹಣ್ಣು ತಿಂದ ಹಾಗಾಯಿತು. ಅಜ್ಜಿ ನನ್ನನ್ನು ಮೊಣಕೈಯಿಂದ ತಿವಿದಳು. ನೋಡಿದೆ. ಕೋಟಿನ ಹಿಂದೆ, ಬೆನ್ನಿಗೂ ಸೀಟಿಗೂ ನಡುವೆ, ಒಂದು ಪುಟ್ಟ ದಿಂಬು.

ಸೊರಬದಲ್ಲಿ ಈರಣ್ಣ ಅಭ್ಯಾಸದಂತೆ ಹೊಳೆ ಕಡೆ ಹೊರಟ.

"ಸ್ಟ್ಯಾಂಡಿಗೆ ನಡಿ," ಎಂದರು ಸಾವ್ಕಾರರು. ಸ್ಟ್ಯಾಂಡು ತಟ್ಟೆಯಷ್ಟು ಸಮ. "ಇಂಜಿನ್ ಆರ್ಸು." ಆರಿಸಿದ. "ಈಗ ಇಳ್ದು ಹ್ಯಾಂಡಲ್ ಹೊಡಿ. ಕಣ್ಣಾರೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕೀಲಿ ಇಲ್ಲೇ ಕೊಟ್ಟು ನಡಿ."

ಯಾರೂ ಇಳಿಯಲಿಲ್ಲ. ಈರಣ್ಣ ಸೀಟಿನಡಿಯಿಂದ ಹ್ಯಾಂಡಲ್ ತೆಗೆದುಕೊಂಡು, ಬಾಗಿಲು ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು ಇಳಿದ. ಬಸ್ಸಿನ ಮುಂದೆ ಹೋಗಿ ನಿಂತ. ಗಾಜಿನಾಚೆ ಅವನ ಮುಖ ಕಾಣುತ್ತಿತ್ತು. ಬಗ್ಗುವ ಮುಂಚೆ ಒಮ್ಮೆ ಕಣ್ಣು ಮುಚ್ಚಿಕೊಂಡ. ಅಜ್ಜಿಯ ಬಾಯಲ್ಲಿ ದೇವರ ಹೆಸರು ಶುರುವಾಗಿತ್ತು.

ಕಣ್ಣಾರೆ ನೋಡಬೇಕಲ್ಲ? ಸಾವ್ಕಾರರು ಎದ್ದರು. ಅಂದರೆ, ಏಳಲು ಹೋದರು. ಅರ್ಧ ಎದ್ದವರು ಅಲ್ಲೇ ನಿಂತರು. ಮೇಲೂ ಇಲ್ಲ, ಕೆಳಗೂ ಇಲ್ಲ. ಹಣೆ ತುಂಬಾ ಬೆವರು. ದಿಂಬು ದೊಪ್ಪನೆ ಕೆಳಗೆ ಬಿತ್ತು.

ಬಸ್ಸಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ.

ಗಾಜಿನಾಚೆಯಿಂದ ಈರಣ್ಣ ನೋಡಿದ. ಒಂದೇ ನೋಟಕ್ಕೆ ಅವನಿಗೆ ಗೊತ್ತಾಯಿತು. ಹ್ಯಾಂಡಲ್ ನೆಲಕ್ಕೆ ಹಾಕಿ ಮೆಲ್ಲಗೆ ಹತ್ತಿ ಬಂದ. "ನೆಟ್ಟಗೆ ಏಳ್ಬ್ಯಾಡ್ರಿ ಸಾವ್ಕಾರ್ರೇ. ಉಸ್ರು ಬಿಡ್ರಿ. ಹಾಂ. ಎಡಕ್ಕ ತಿರುಗ್ರಿ. ನನ್ ಹೆಗಲ ಹಿಡೀರಿ."

"ನಿನ್ ಸೊಂಟಾನೂ..." ಎಂದರು ಸಾವ್ಕಾರರು, ಹಲ್ಲು ಕಚ್ಚಿಕೊಂಡು.

"ಇಬ್ರದ್ದೂ ಕೂಡಿ ಒಂದು ನೆಟ್ಟಗಾತದೆ, ಏಳ್ರಿ."

ಆಗ ನಮ್ಮಜ್ಜಿ ಎದ್ದು ನಿಂತಳು. "ಸಾವ್ಕಾರ್ರೇ, ನಮ್ಮ ಮೊಮ್ಮಗಳು ಕಾಲು ಮುಂದಾಗಿ ಹುಟ್ಟಿದೋಳು. ಸಂಕೋಚ ಎಂತಕ್ಕೆ? ಒಂದು ಮೂರು ಒದೆ ತಿಂದುಬಿಡಿ."

ಸಾವ್ಕಾರರು ಸುತ್ತ ನೋಡಿದರು. ಇಡೀ ಬಸ್ಸು ಅವರನ್ನೇ ನೋಡುತ್ತಿತ್ತು. ತಗ್ಗಿದ ದನಿಯಲ್ಲಿ ಹೇಳಿದರು, "ಅಮ್ಮಾ, ಪ್ಯಾಟೆಗೆ ಗೊತ್ತಾದ್ರೆ ಸಾವ್ಕಾರಂದು ಮುಗೀತು ಅಂತಾರೆ. ಇವ್ರಿಗೆ ಆಕಡೆ ತಿರುಗಾಕೆ ಹೇಳ್ರಿ."

ತಿಪ್ಪೇಶಿ ತನ್ನ ಸೊಟ್ಟ ಕೈಯಿಂದ ಬಸ್ಸಿನ ತಗಡು ಬಡಿದ. "ಎಲ್ಲಾ ಕಿಟಕಿ ಕಡೆ ತಿರುಗ್ರೀ! ಸೊರಬ ನೋಡ್ರೀ!"

ಎಲ್ಲರೂ ತಿರುಗಿ ಸೊರಬ ನೋಡಿದರು. ಹುಟ್ಟಿದಾಗಿನಿಂದ ಸೊರಬದಲ್ಲೇ ಇದ್ದವರೂ ಹೊಸದಾಗಿ ನೋಡುವವರ ಹಾಗೆ ನೋಡಿದರು. ನಾನು ಎಡಗಾಲಿನ ಸ್ಯಾಂಡಲ್ ಕಳಚಿದೆ. ಒಂದು. ಎರಡು. ಮೂರನೆಯದು, ಈರಣ್ಣನ ಲೆಕ್ಕದಲ್ಲಿ, ಸ್ವಲ್ಪ ಜೋರಾಗೇ. ಆಮೇಲೆ ಶಾಸ್ತ್ರೋಕ್ತವಾಗಿ ನಮಸ್ಕಾರ.

ವಾಸಿಯಾಯಿತಾ? ಅದೆಲ್ಲ ಗೊತ್ತಿಲ್ಲ. ಅಂತೂ ಸಾವ್ಕಾರರು ಈರಣ್ಣನ ಹೆಗಲು ಹಿಡಿದು ಇಳಿದರು. ನೆಲದಲ್ಲಿ ಬಿದ್ದಿದ್ದ ಹ್ಯಾಂಡಲ್ ನೋಡಿದರು. ಅದನ್ನು ಎತ್ತಿಕೊಡಲು ಇಬ್ಬರಿಗೂ ಬಗ್ಗಲಾಗುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಿತು. ಮೊದಲು ನಕ್ಕವರು ಸಾವ್ಕಾರರೇ. ನಗುತ್ತಾ ಸೊಂಟ ಹಿಡಿದುಕೊಂಡು, "ನಗಿಸ್ಬ್ಯಾಡ್ವೋ, ನೋಯ್ತದೆ" ಎಂದರು.

ಪ್ಯಾಸೆಂಜರುಗಳೆಲ್ಲ ಇಳಿದು ಬಸ್ಸನ್ನು ಹೊಳೆ ಕಡೆಯ ಇಳಿಜಾರಿಗೆ ತಳ್ಳಿದರು. ಕೀಲಿಯ ಮಾತು ಮತ್ತೆ ಬರಲಿಲ್ಲ. "ಅಲ್ಲೀ ತನಕ ಇಳಿಜಾರಾಗೇ ನಿಲ್ಸು," ಎಂದಷ್ಟೇ ಹೇಳಿದರು. ಯಾವುದರ ತನಕ ಎಂಬುದು ನನ್ನ ರಜೆ ಮುಗಿಯುವ ಮುಂಚೆ ತಿಳಿಯಿತು. ಬಸ್ಸಿಗೆ ಹೊಸ ಸೆಲ್ಫ್ ಸ್ಟಾರ್ಟರ್ ಬಂತು. ನನ್ನ ಅಲಾರಂ ಶಾಶ್ವತವಾಗಿ ನಿಂತಿತು.

ಇದನ್ನೆಲ್ಲ ಆ ಫಿಸಿಯೋ ಹುಡುಗಿಗೆ ಹೇಳಬೇಕಿತ್ತು ಅನ್ನಿಸುತ್ತದೆ. ನೋವನ್ನು ಬಚ್ಚಿಟ್ಟು ಕೆಲಸ ಮಾಡುವುದೇ ಒಂದು ಎರಡನೇ ಕೆಲಸ. ಸಂಬಳ ಒಂದಕ್ಕೇ. ಬೆಲ್ಟಿನ ಮೇಲೆ ಕೋಟು, ದಿಂಬಿನ ಮುಂದೆ ಕೋಟು. ಮುಚ್ಚುವುದರಲ್ಲೇ ಅರ್ಧ ಶಕ್ತಿ ಖಾಲಿ. ಇವತ್ತಿನ ಆಫೀಸುಗಳಲ್ಲಿ ಬೆನ್ನಿಗೆ ಹೊಂದುವ ಕುರ್ಚಿಗಳಿವೆಯಂತೆ. ಸಂತೋಷ. ಆದರೆ "ನನಗೆ ನೋಯುತ್ತಿದೆ" ಎಂದು ಹೇಳಿಯೂ ಕೂರಬಹುದಾದ ಕುರ್ಚಿ ಎಷ್ಟು ಇವೆ?

ಈರಣ್ಣನನ್ನು ನಾನು ಕೊನೆಯ ಸಲ ನೋಡಿದ್ದು ಮದುವೆಯಾದ ಹೊಸತರಲ್ಲಿ, ಸೊರಬದಲ್ಲಿ. ಗಂಡನ ಜೊತೆ ಸ್ಟ್ಯಾಂಡಿನಲ್ಲಿ ಕಾದೂ ಕಾದೂ ಸಾಕಾಗಿ ಕೇಳಿದರೆ, "ಈರಣ್ಣನ ಬಸ್ಸಾ? ಅದು ಹೊಳೆ ದಾರೀಲಿ ನಿಲ್ಲೋದಲ್ವಾ" ಎಂದರು ಯಾರೋ, ಬಹಳ ಸಹಜವಾಗಿ. ಹೋದರೆ ಅದೇ ಇಳಿಜಾರು, ಅದೇ ಬಸ್ಸು, ಚಕ್ರಕ್ಕೆ ಅದೇ ಕಲ್ಲು. ಈರಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು.

"ಸೆಲ್ಫ್ ಬಂದು ಎಷ್ಟು ಕಾಲ ಆಯ್ತು ಈರಣ್ಣ! ಇನ್ನೂ ಯಾಕೆ ಇಳಿಜಾರು?"

ಅವನು ಸ್ಟೇರಿಂಗ್ ಮೇಲೆ ಕೈ ಆಡಿಸಿ ನಕ್ಕ.

"ನಂಗಲ್ರೀ ಸಣ್ಣಮ್ಮಾರೇ. ಗಾಡಿಗೂ ವಯಸ್ಸಾತಲ್ಲ, ಅದ್ರ ಸೊಂಟ ಯಾರು ನೋಡ್ಬೇಕು?"