ಹನ್ನೆರಡನೆಯ ಪಾಟಿ

ತಿಂಗಳ ಎರಡನೆಯ ಭಾನುವಾರ ನಮ್ಮ ಮನೆಯಲ್ಲಿ ಅಟ್ಟ ಗುಡಿಸುವ ದಿನ. ನನಗೆ ಎಪ್ಪತ್ತು ದಾಟಿದರೂ ಈ ಕ್ರಮ ಬಿಟ್ಟಿಲ್ಲ. ಏಣಿ ಹತ್ತುವವರು ಮಾತ್ರ ಬದಲಾಗಿದ್ದಾರೆ. ಈ ಸಲ ಹತ್ತಿದವನು ಮಗ. ಕಟ್ಟಿಗೆ ಚೌಕಟ್ಟಿನ, ಬಳಪದಿಂದ ಬರೆಯುವ ಹಳೆಯ ಪಾಟಿಯೊಂದನ್ನು ಕೆಳಗೆ ಚಾಚಿ, "ನನ್ನ ಪಾಟಿ ಕಸಗೊಂಡಿದ್ದಿ, ನೆನಪೈತೇನಬೇ?" ಎಂದು ನಕ್ಕ.

ಒದ್ದೆ ಬಟ್ಟೆಯಿಂದ ಒರೆಸಿದೆ. ಆ ಹಸಿ ಕಲ್ಲಿನ ವಾಸನೆ ನಿಮಗೂ ಗೊತ್ತಿರಬೇಕು. ಚೌಕಟ್ಟಿನ ಮೇಲೆ ಎರಡು ಹೆಸರು: ಮೇಲೆ ಮಗನದು, ಕೆಳಗೆ ಮೊಳೆಯಿಂದ ಕೆರೆದದ್ದು, ಕಸ್ತೂರಿ.

ನಮ್ಮ ತಂದೆ ಸಣ್ಣದೊಂದು ರೈಲು ನಿಲ್ದಾಣದ ಮಾಸ್ತರರು. ಗಾಡಿ ತಡವಾದರೂ ನಮ್ಮ ಮನೆಯ ಊಟ ತಡವಾಗುತ್ತಿರಲಿಲ್ಲ. ಆ ಶಿಸ್ತನ್ನು ನಾನು ಕಲಿಸುತ್ತಿದ್ದ ಅಥಣಿಯ ಶಾಲೆಗೆ ಒಯ್ದೆ, ಗಂಡನ ಮನೆಗೂ ಒಯ್ದೆ. ಎರಡೂ ಕಡೆ ಅದನ್ನು ಸಹಿಸಿಕೊಂಡರು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಹತ್ತೂವರೆಗೆ ಶಾಲೆಯ ಗಂಟೆ ಬಾರಿಸಿದರೆ, ನಮ್ಮ ಓಣಿಯ ಕಬ್ಬು-ದ್ರಾಕ್ಷಿಯ ಮನೆಗಳ ಹಿತ್ತಲಲ್ಲಿ ಮುಸುರೆ ತಿಕ್ಕುವ ಹುಡುಗಿಯರು ಒಮ್ಮೆ ತಲೆಯೆತ್ತಿ ಮತ್ತೆ ಬಗ್ಗುತ್ತಿದ್ದರು. ಒಂಬತ್ತು, ಹತ್ತು ವರ್ಷದವರು. ನಾನು ಒಂದು ವಹಿಯಲ್ಲಿ ಗೆರೆ ಎಳೆದು ಮನೆಗಳ ಪಟ್ಟಿ ಮಾಡಿ, ಅವರನ್ನು ಶಾಲೆಗೆ ಬಿಡಿರೆಂದು ಕೇಳಲು ಹೊರಟೆ. ಹನ್ನೊಂದು ಮನೆ. ಎಲ್ಲ ಕಡೆ ಚಹಾ ಕೊಟ್ಟರು, ಎಲ್ಲ ಕಡೆ ಒಂದೇ ಮಾತು ಹೇಳಿದರು: "ಮಗಳಂಗ ಇಟ್ಕೊಂಡೀವ್ರಿ, ಅಕ್ಕಾರ." ಮೂರು ತಿಂಗಳಲ್ಲಿ ನನಗೆ ಪಿತ್ತ ಹೆಚ್ಚಾಯಿತು, ಶಾಲೆಗೆ ಒಬ್ಬಳೂ ಬರಲಿಲ್ಲ.

ಸಂಕ್ರಾಂತಿ ಬಂತು. ನಮ್ಮ ಕಡೆ ಆ ದಿನಗಳಲ್ಲಿ ಹೆಂಗಸರನ್ನು ಮನೆಗೆ ಕರೆದು ಅರಿಶಿನ ಕುಂಕುಮ ಹಚ್ಚಿ, ಉಡಿಯಲ್ಲಿ ಒಂದು ವಸ್ತು ಇಡುತ್ತಾರೆ. ಅದಕ್ಕೆ ವಾಣ ಎನ್ನುತ್ತೇವೆ. ಬಟ್ಟಲೋ ಬಾಚಣಿಗೆಯೋ, ಉಡಿಗೆ ಬಿದ್ದ ವಾಣವನ್ನು ಯಾರೂ ತಿರುಗಿ ಕೊಡುವುದಿಲ್ಲ. ಆ ಹನ್ನೊಂದು ಮನೆಯ ಹೆಂಗಸರನ್ನು ಕರೆದು ನಾನು ಪಾಟಿ ಕೊಟ್ಟೆ. ಹನ್ನೊಂದು ಪಾಟಿ, ಒಂದೊಂದರ ಮೇಲೂ ಆ ಮನೆಯ ಕೆಲಸದ ಹುಡುಗಿಯ ಹೆಸರು.

ದೊಡ್ಡ ಕಬ್ಬಿನ ತೋಟದ ಸುಶೀಲಾಬಾಯಿ ತಮ್ಮ ಪಾಟಿ ತಿರುಗಿಸಿ ನೋಡಿ, "ಇದೇನ್ರಿ ಅಕ್ಕಾರ, ಮೊಮ್ಮಕ್ಕಳ ಕಾಣೋ ವಯಸ್ಸಿನ್ಯಾಗ ನನಗ ಸಾಲಿ ಕಲಸ್ತೀರೇನು?" ಎಂದರು. ಪಡಸಾಲೆಯೆಲ್ಲ ನಕ್ಕಿತು.

"ನಿಮಗಲ್ರಿ. ನೀವ ಮಗಳಂಗ ಇಟ್ಕೊಂಡೀರಲ್ಲ, ನಿಂಗವ್ವ, ಆಕಿಗೆ."

ನಗು ನಿಂತಿತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಒಳಗಿಂದ ಕುಸುರೆಳ್ಳಿನ ತಟ್ಟೆ ಹಿಡಿದು ಕಸ್ತೂರಿ ಬಂದಳು. ಅವ್ವ ಉಗಾರದ ಕಡೆ ಕಬ್ಬು ಕಡಿಯಲು ಹೋಗುವಾಗ ನಮ್ಮಲ್ಲಿ ಬಿಟ್ಟುಹೋದ ಹುಡುಗಿ, ಹತ್ತು ವರ್ಷ. ಐದು ಗಂಟೆಗೆ ನಮ್ಮ ಬಚ್ಚಲ ಒಲೆಗೆ ಉರಿ ಹಾಕುವವಳು ಅವಳೇ. ಆ ಉರಿಯಿಂದಲೇ ನಾನು ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿ ಹನ್ನೊಂದು ಮನೆ ತಿರುಗಿದ್ದೆ.

ಸುಶೀಲಾಬಾಯಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಈಕೀ ಪಾಟಿ ಎಲ್ಲೈತ್ರಿ?"

ಪಟ್ಟಿಯನ್ನು ಎರಡು ಸಲ ತಾಳೆ ನೋಡಿದ್ದೆ. "ಈಕಿ ನಮ್ಮನಿ ಮಗಳಿದ್ದಂಗ..." ಎಂದು ಬಾಯಿಗೆ ಬಂದೇಬಿಟ್ಟಿತು.

"ನಾವೂ ಅದನ್ನ ಅಂದೀವಲ್ರಿ," ಎಂದರು ಅವರು, ಮೆತ್ತಗೆ. ಅತ್ತ ಒಬ್ಬರು ಉಡಿಯ ಪಾಟಿಯನ್ನು ಜಮಖಾನೆಗೆ ಇಳಿಸಿದರು, ಇನ್ನೊಬ್ಬರೂ ಇಳಿಸಿದರು.

ಒಳಗೆ ಹೋದೆ. ಮಗನ ಚೀಲದಿಂದ ಪಾಟಿ ತೆಗೆದೆ, ಮೊಳೆಯಿಂದ ಹೆಸರು ಕೆರೆದೆ, ಕುಂಕುಮ ಹಚ್ಚಿದೆ. ಮಗ ಓಣಿಗೆಲ್ಲ ಕೇಳುವಂತೆ ಅತ್ತ. ಎಲ್ಲರ ಎದುರು ಪಾಟಿ ಚಾಚಿದರೆ ಕಸ್ತೂರಿ ತೆಗೆದುಕೊಳ್ಳಲೊಲ್ಲಳು.

"ಒಲಿಗೆ ಉರಿ ಯಾರ ಹಾಕ್ತಾರ್ರಿ?"

"ನಾನ ಹಾಕ್ತೀನಿ."

"ಐದಕ್ಕ ಏಳಬೇಕಾಕ್ಕೈತ್ರಿ," ಎಂದಳು, ಥೇಟು ನನ್ನ ದನಿಯಲ್ಲೇ. ಸುಶೀಲಾಬಾಯಿ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಎದ್ದು, ತಮ್ಮ ಪಾಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡರು. "ನಮ್ಮ ನಿಂಗವ್ವನೂ ಬರ್ತಾಳ್ರಿ, ಅಕ್ಕಾರ. ಮುಸರಿ ನಾನ ತಿಕ್ಕೋತೀನಿ." ಜಮಖಾನೆಗೆ ಇಳಿದಿದ್ದ ಪಾಟಿಗಳು ಒಂದೊಂದಾಗಿ ಮೇಲೆದ್ದವು.

ಮರುದಿನ ಬಚ್ಚಲ ತುಂಬ ಹೊಗೆ. ನಮ್ಮವರು ಉಗುರುಬೆಚ್ಚಗಿನ ನೀರಲ್ಲೇ ಮೈ ತೊಳೆದುಕೊಂಡು, ಎರಡು ಸಲ ಸೀನಿದರು. ನಾನು ಶಾಲೆಗೆ ಹತ್ತು ನಿಮಿಷ ತಡ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ. ಪ್ರಾರ್ಥನೆಯ ಸಾಲಿನಲ್ಲಿ ನಿಂಗವ್ವ ನಿಂತಿದ್ದಳು, ಅವಳ ಪಕ್ಕ ಕಸ್ತೂರಿ. ಹನ್ನೆರಡು ಹುಡುಗಿಯರೂ ಶಾಲೆಯಲ್ಲಿ ಉಳಿದರೆಂದು ಸುಳ್ಳು ಯಾಕೆ ಹೇಳಲಿ, ಆದರೆ ಉಳಿದವರೇ ಹೆಚ್ಚು. ಕಸ್ತೂರಿ ಏಳನೆಯ ಇಯತ್ತೆ ಮುಗಿಸುವವರೆಗೆ ನಮ್ಮಲ್ಲೇ ಇದ್ದಳು, ಕೆಲಸಕ್ಕಲ್ಲ.

ಆಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಎಷ್ಟೋ ಸಭೆಗಳಲ್ಲಿ ನನ್ನನ್ನು ಮಾತಾಡಲು ಕರೆದರು. ಎಲ್ಲ ಕಡೆ ಹನ್ನೊಂದು ಪಾಟಿಗಳ ಕಥೆ ಹೇಳಿ ಚಪ್ಪಾಳೆ ತೆಗೆದುಕೊಂಡೆ. ಹನ್ನೆರಡನೆಯದನ್ನು ನಿಮಗೇ ಮೊದಲು ಹೇಳುತ್ತಿರುವುದು. ವಿಚಿತ್ರ ನೋಡಿ, ಹೇಳಿದ ಮೇಲೆ ತಿಳಿಯಿತು: ನನ್ನ ಹೆಮ್ಮೆಯೆಲ್ಲ ಇರುವುದು ಇದರಲ್ಲೇ.

ಆ ವಹಿ ಇನ್ನೂ ನನ್ನ ಹತ್ತಿರವಿದೆ. ಹುಡುಕಿ, ಹನ್ನೊಂದನೆಯ ಗೆರೆಯ ಕೆಳಗೆ ಬರೆದೆ: ನಮ್ಮ ಮನೆ. ಕಸ್ತೂರಿ. ಅಟ್ಟ ಅರ್ಧವೇ ಗುಡಿಸಿಯಾಗಿತ್ತು. ಇರಲಿ ಬಿಡು ಎಂದು ಮಗನಿಗೆ ಹೇಳಿದೆ. ಅವನು ಏಣಿಯ ಮೇಲಿಂದ ನಂಬದೆ ನನ್ನನ್ನೇ ನೋಡಿದ.