ಮೆಟ್ಟಿಲ ಮೇಲಿನ ಹಸಿರು ದೀಪ

ಕಚೇರಿಯಲ್ಲಿ ಅವಳನ್ನು ಎಲ್ಲರೂ ನೀರಕ್ಕ ಎಂದೇ ಕರೆಯುತ್ತಿದ್ದರು. ರಸಾಯನಶಾಸ್ತ್ರ ಓದಿ, ಸರ್ಕಾರದ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಸೇರಿದ ಮೇಲೆ ಅವಳ ಮದುವೆಯಾಯಿತು, ಮಗಳು ಹುಟ್ಟಿದಳು, ಗಂಡ ತೀರಿಕೊಂಡ, ಮಗಳು ಮದುವೆಯಾಗಿ ದೂರ ಹೋದಳು. ಕೆಲಸ ಮಾತ್ರ ಅದೇ ಉಳಿಯಿತು. ಬೆಳಿಗ್ಗೆ ಹೊಳೆಗೆ ಹೋಗಿ ಬಾಟಲಿಯಲ್ಲಿ ನೀರು ತುಂಬಿಸಿ ತರಬೇಕು, ಅದರಲ್ಲಿ ಮಲದ ಕ್ರಿಮಿ ಎಷ್ಟಿದೆ ಎಂದು ನೋಡಿ ಬರೆಯಬೇಕು. ಆ ಹೊಳೆಯಲ್ಲಿ ಕ್ರಿಮಿ ಹುಡುಕುವುದಕ್ಕೆ ಓದು ಬೇಕಿರಲಿಲ್ಲ, ಮೂಗು ಇದ್ದರೆ ಸಾಕಾಗಿತ್ತು. ಊರಿನ ಚರಂಡಿಗಳೆಲ್ಲ ಸೇತುವೆಯ ಕೆಳಗೆ ಬಂದು ಕೂಡುತ್ತಿದ್ದವು. ನೀರಿನ ಮೇಲೆ ನೊರೆ ಕಟ್ಟಿ, ಅದರಲ್ಲಿ ಪ್ಲಾಸ್ಟಿಕ್ ಚೀಲ, ಕೋಳಿಯ ಪುಕ್ಕ, ಯಾರೋ ಬಿಸಾಕಿದ ಹಾಸಿಗೆಯ ಹತ್ತಿ ಸಿಕ್ಕಿಕೊಂಡು ತಿರುಗುತ್ತಿದ್ದವು. ಮನೆಗೆ ಬಂದು ಎಷ್ಟು ಸೋಪು ತಿಕ್ಕಿದರೂ ಅನ್ನಕ್ಕೆ ಕೈ ಹಾಕುವ ಮೊದಲು ಅವಳು ಬೆರಳುಗಳನ್ನು ಒಮ್ಮೆ ಮೂಸಿ ನೋಡುತ್ತಿದ್ದಳು.

ಆ ಹೊಳೆಯೇ ಗಡಿ. ಈ ದಡ ಒಂದು ರಾಜ್ಯ, ಆ ದಡ ಇನ್ನೊಂದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಎರಡು ಸರ್ಕಾರಗಳು ಅದನ್ನು ವರ್ಷಗಟ್ಟಲೆ ಎಳೆದಾಡಿದವು. ಆಚೆಯ ಬಣ್ಣದ ಕಾರ್ಖಾನೆಯದೇ ಕೊಳಕು ಎಂದು ಇವರು, ಈಚೆಯ ಚರಂಡಿಯದೇ ಕೊಳಕು ಎಂದು ಅವರು. ಇವರು ಎಣಿಸುವ ರೀತಿ ಬೇರೆ, ಅವರದು ಬೇರೆ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವೇ ಇರಲಿಲ್ಲ. ಕೊಳಚೆ ಶುದ್ಧ ಮಾಡುವ ಘಟಕ ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ಆ ಜಗಳದಲ್ಲೇ ಮುಳುಗಿಹೋಗಿತ್ತು.

ಹಾಗಿರುವಾಗ ಎರಡೂ ರಾಜ್ಯಗಳು ಸೇರಿ ಒಂದೇ ಕಂಪ್ಯೂಟರ್ ಸಾಧನ ಮಾಡುತ್ತವೆ ಎಂಬ ಸುದ್ದಿ ಬಂತು. ಎರಡು ದಡದ ಅಂಕಿಗಳು ಒಂದೇ ಲೆಕ್ಕದಲ್ಲಿ, ಒಂದೇ ಪರದೆಯ ಮೇಲೆ. ಅದನ್ನು ನೋಡಿಯೇ ಮುಂದೆ ಘಟಕ, ಪೈಪು, ಟ್ಯಾಂಕರು ಎಲ್ಲ ತೀರ್ಮಾನವಾಗುತ್ತದಂತೆ. ಜನರಿಗೂ ಗೊತ್ತಾಗಲಿ ಎಂದು ಹೊಳೆಗೆ ಇಳಿಯುವ ಮೆಟ್ಟಿಲುಗಳ ಹತ್ತಿರ ದೀಪದ ಫಲಕ ಹಾಕುತ್ತಾರಂತೆ: ಹಸಿರಿದ್ದರೆ ಇಳಿಯಬಹುದು, ಕೆಂಪಿದ್ದರೆ ಬೇಡ.

ನೀರಕ್ಕನಿಗೆ ನಿಜವಾಗಿಯೂ ಖುಷಿಯಾಯಿತು. ತರಬೇತಿಗೆ ಹೋದಾಗ ಆಚೆ ದಡದಲ್ಲಿ ಅವಳದೇ ಕೆಲಸ ಮಾಡುವವರು ಪಕ್ಕದ ಕುರ್ಚಿಯಲ್ಲಿ ಸಿಕ್ಕರು. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಅದಕ್ಕೇ ಎಲ್ಲರಿಗೂ ಮೇಷ್ಟ್ರು. ಇಷ್ಟು ವರ್ಷ ಇಬ್ಬರೂ ಒಂದೇ ಹೊಳೆಯ ನಾತ ಕುಡಿದಿದ್ದರೂ ಮಾತಾಡಿದ್ದು ಆವತ್ತೇ. ಚಹಾ ಕುಡಿಯುತ್ತ ಮೇಷ್ಟ್ರು, ತಾವು ಹೊಳೆಗೆ ಹೋದ ದಿನ ಹೆಂಡತಿ ಆ ಬಟ್ಟೆಯನ್ನು ಮನೆಯೊಳಗೇ ತರಗೊಡುವುದಿಲ್ಲ ಎಂದರು. ನೀರಕ್ಕ ನಕ್ಕಳು. ತನ್ನನ್ನು ತಡೆಯಲು ಮನೆಯಲ್ಲಿ ಯಾರೂ ಇಲ್ಲ ಎಂದಳು.

ಸಾಧನ ಶುರುವಾಯಿತು, ಫಲಕ ಬಂತು, ಹೂವಿನ ಹಾರ ಹಾಕಿದ್ದಾಯಿತು. ನೀರಕ್ಕ ಮೊದಲ ವಾರದ ಅಂಕಿಗಳನ್ನು ಕಳಿಸಿದಳು. ಹಿಂದಿನ ಎಲ್ಲ ವರ್ಷಗಳಂತೆ ಅವು ಮಿತಿಯನ್ನು ಎಷ್ಟೋ ಪಟ್ಟು ಮೀರಿದ್ದವು. ಆದರೂ ದೀಪ ಹಸಿರು. ಮುಂದಿನ ವಾರವೂ ಹಸಿರು. ಏನೋ ಕೆಟ್ಟಿರಬೇಕು, ಸರಿಮಾಡುತ್ತಾರೆ ಎಂದು ಅವಳು ಸುಮ್ಮನಿದ್ದಳು.

ಅವಳ ತಂಗಿಯ ಮನೆ ಹೊಳೆಯ ಪಕ್ಕದ ಓಣಿಯಲ್ಲಿ. ನಲ್ಲಿಯಲ್ಲಿ ನೀರು ಬಾರದ ದಿನ ಓಣಿಯವರೆಲ್ಲ ಪಾತ್ರೆ ಬಟ್ಟೆ ಹೊತ್ತು ಮೆಟ್ಟಿಲಿಗೇ ಹೋಗಬೇಕು. ಒಂದು ಮಧ್ಯಾಹ್ನ ತಂಗಿ ಫೋನು ಮಾಡಿ ಆಸ್ಪತ್ರೆಗೆ ಬಾ ಎಂದಳು. ಅವಳ ಮಗಳ ಎರಡೂ ಕಾಲುಗಳ ತುಂಬ ಕುರು ಎದ್ದಿದ್ದವು. ಕೆಲವು ಒಡೆದು ಕೀವು ಸೋರಿ, ಹಾಸಿಗೆಯ ಬಟ್ಟೆ ಕಾಲಿಗೆ ಅಂಟಿಕೊಂಡಿತ್ತು. ನರ್ಸು ಬಟ್ಟೆ ಬಿಡಿಸುವಾಗ ಮಗು ಅಳಲೂ ಇಲ್ಲ, ಜ್ವರದಲ್ಲಿ ಸುಮ್ಮನೆ ಬಾಯಿ ತೆರೆದುಕೊಂಡಿತ್ತು.

"ಹೊಳೆಗೆ ಯಾಕೆ ಬಿಟ್ಟೆ ಅವಳನ್ನ? ನಾನು ಎಷ್ಟು ಸಲ ಹೇಳಿಲ್ಲ?" ಎಂದಳು ನೀರಕ್ಕ.

ತಂಗಿ ಅವಳ ಮುಖವನ್ನೇ ನೋಡಿದಳು. "ಹಸಿರು ಇತ್ತಲ್ಲ ಅಕ್ಕ. ನಿಮ್ಮ ಆಫೀಸಿನ ದೀಪ. ಅಕ್ಕನೇ ನೋಡಿ ಹಾಕಿಸಿರ್ತಾಳೆ ಅಂತ ಓಣಿಯವರಿಗೆಲ್ಲ ನಾನೇ ಹೇಳಿದ್ದೆ."

ನೀರಕ್ಕ ಅಲ್ಲಿಂದ ನೇರ ಕಚೇರಿಗೆ, ಸಾಹೇಬರ ಕೋಣೆಗೆ ಹೋದಳು. ಆ ಬೆಳಗಿನ ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟಳು. ಅವರು ಅದನ್ನು ಕೈಯಲ್ಲಿ ಮುಟ್ಟದೆ ಪೆನ್ನಿನ ತುದಿಯಿಂದ ಆಚೆ ಸರಿಸಿದರು. ಆಮೇಲೆ ಸಮಾಧಾನವಾಗಿ ವಿವರಿಸಿದರು. ಎರಡೂ ರಾಜ್ಯದವರು ಕೂತು ಒಂದು ನಿಯಮ ಮಾಡಿದ್ದಾರೆ. ಮಿತಿ ಮೀರಿದ ಅಂಕಿ ಬಂದರೆ ಅದು ಕೈತಪ್ಪಿನಿಂದ ಬಂದಿರಬಹುದು. ಎರಡೂ ಕಡೆಯವರು ಒಟ್ಟಿಗೆ ಬಂದು ಮತ್ತೆ ಪರೀಕ್ಷೆ ಮಾಡುವವರೆಗೆ ಸಾಧನ ಅದನ್ನು ತಡೆಹಿಡಿಯುತ್ತದೆ. ಅಲ್ಲಿಯವರೆಗೆ ದೀಪ ಹಸಿರು.

"ಒಟ್ಟಿಗೆ ಯಾವಾಗ ಬರ್ತಾರೆ ಸರ್?"

"ಅದಕ್ಕೆ ದಿನ ನಿಗದಿಯಾಗಬೇಕು. ನಿಮ್ಮ ಅಂಕಿ ಸುಳ್ಳು ಅಂತ ಯಾರೂ ಹೇಳಿಲ್ಲಮ್ಮ. ಪರಿಶೀಲನೆಯಲ್ಲಿದೆ, ಅಷ್ಟೆ."

ಹೇಳಿ, ಮೇಜಿನ ಮೇಲಿನ ಸ್ಯಾನಿಟೈಸರನ್ನು ಅಂಗೈಗೆ ಸುರಿದುಕೊಂಡು ಬೆರಳ ಸಂದಿಗಳನ್ನೆಲ್ಲ ತಿಕ್ಕಿಕೊಂಡರು. ಬಾಟಲಿ ಮುಟ್ಟದ ಕೈಗಳು! ನೀರಕ್ಕನಿಗೆ ಹೊಳೆಯ ದಡದಲ್ಲಿ ಎಂದೂ ಬಾರದ ಹೇಸಿಗೆ ಆ ತಣ್ಣನೆಯ, ಸುವಾಸನೆಯ ಕೋಣೆಯಲ್ಲಿ ಬಂತು. ಹೊಳೆ ಕೊಳೆತಿದ್ದರೂ ಕೊಳೆತ ಹಾಗೇ ಕಾಣುತ್ತಿತ್ತು. ಇವರು ತಿಪ್ಪೆಯನ್ನು ಸಾರಿಸಿ, ಅದರ ಮೇಲೆ ದೀಪ ಹಚ್ಚಿಟ್ಟಿದ್ದರು.

ಸಂಜೆ ಅವಳು ಮೇಷ್ಟ್ರಿಗೆ ಫೋನು ಮಾಡಿದಳು. ಅವರ ಕಡೆಯೂ ಅದೇ ಕಥೆ: ಕೆಟ್ಟ ಅಂಕಿಗಳೆಲ್ಲ ತಡೆಯಲ್ಲಿ, ದೀಪ ಹಸಿರು. ನಿಯಮದಲ್ಲಿ ಎರಡೂ ಕಡೆಯವರು ಎಂದಿದೆಯೇ ಹೊರತು ಯಾವ ದರ್ಜೆಯವರು ಎಂದಿಲ್ಲವಲ್ಲ ಎಂದಳು ನೀರಕ್ಕ. ಮೇಷ್ಟ್ರಿಗೆ ಇನ್ನೂ ಸೇವೆ ಬಾಕಿಯಿತ್ತು, ಓದುವ ಮಕ್ಕಳಿದ್ದರು.

ಆದರೂ, "ನಾಳೆ ಸೇತುವೆ ಮಧ್ಯ ಸಿಗೋಣ. ಹಗ್ಗ ನಾನು ತರ್ತೀನಿ," ಎಂದರು.

ಇಬ್ಬರೂ ಸೇತುವೆಯ ನಡುವಿನಿಂದ ಹಗ್ಗ ಇಳಿಬಿಟ್ಟು ನೀರೆತ್ತಿದರು. ಬಾಟಲಿಯ ಕುತ್ತಿಗೆಗೆ ಸತ್ತ ಇಲಿಯೊಂದು ತಗಲಿಕೊಂಡು ಮೇಲೆ ಬಂತು. ಮೇಷ್ಟ್ರು ಕಡ್ಡಿಯಿಂದ ಅದನ್ನು ಬಿಡಿಸಿ, ಮತ್ತೆ ಬಾಟಲಿ ತೊಳೆದು, ಇನ್ನೊಮ್ಮೆ ನೀರೆತ್ತಿದರು. ಪರೀಕ್ಷೆ ಮುಗಿದ ಮೇಲೆ ಎರಡೂ ಪ್ರಯೋಗಾಲಯಗಳಿಂದ ಒಂದೇ ಫಲಿತಾಂಶ ಹೋಯಿತು, ಜಂಟಿ ಪರೀಕ್ಷೆ ಎಂಬ ಗುರುತಿನೊಂದಿಗೆ. ಸಾಧನಕ್ಕೆ ಮನುಷ್ಯರ ಕುತಂತ್ರ ಗೊತ್ತಿರಲಿಲ್ಲ. ಒಪ್ಪಿಕೊಂಡಿತು. ಎರಡು ದಡಗಳಲ್ಲೂ ದೀಪ ಕೆಂಪಾಯಿತು.

ಓಣಿಯವರು ಮಕ್ಕಳನ್ನು ಎಳೆದುಕೊಂಡು ಮೇಲೆ ಬಂದರು. ಬಟ್ಟೆ ಒಗೆದು ಬದುಕುವವರು ಮಾತ್ರ ನೀರಕ್ಕನನ್ನು ತಡೆದು, ನಮ್ಮ ಹೊಟ್ಟೆಯ ಮೇಲೆ ಹೊಡೆದೆಯಲ್ಲ ಎಂದು ಬೈದರು. ಬೇರೆ ನೀರು ಕೊಡುವುದು ಅವಳ ಕೈಯಲ್ಲಿರಲಿಲ್ಲ.

ಒಂದು ಪೈಪು ಹಾಕಲು ವರ್ಷಗಟ್ಟಲೆ ಒಪ್ಪದಿದ್ದ ಎರಡು ಸರ್ಕಾರಗಳು ಒಂದು ದೀಪದ ಬಣ್ಣ ಬದಲಿಸಲು ಒಂದೇ ಮಧ್ಯಾಹ್ನದಲ್ಲಿ ಒಪ್ಪಿದವು. ಜಂಟಿ ಪರೀಕ್ಷೆಗೆ ಇಂತಿಂಥ ದರ್ಜೆಯ ಅಧಿಕಾರಿಗಳೇ ಬರಬೇಕು ಎಂದು ನಿಯಮ ತಿದ್ದಿದರು. ಮೆಟ್ಟಿಲ ಮೇಲೆ ಮತ್ತೆ ಹಸಿರು. ಮೇಷ್ಟ್ರಿಗೆ ಒಂದು ಎಚ್ಚರಿಕೆ ಪತ್ರ ಬಂತು. ನೀರಕ್ಕನನ್ನು ಹೊಳೆಯಿಂದ ಬಿಡಿಸಿ, ಸಾಧನ ನೋಡಲು ಬರುವವರಿಗೆ ವಿವರಿಸುವ ಕೆಲಸಕ್ಕೆ ಹಾಕಿದರು. ಇಬ್ಬರು ಜಗಳಗಂಟರು ಕೂಡಿ ಮಾಡಿದ ಕೆಲಸ ಎಂದು ಸಾಧನಕ್ಕೆ ಒಳ್ಳೆಯ ಹೆಸರು ಬಂದಿತ್ತು. ಬೇರೆ ರಾಜ್ಯಗಳೂ ಅದನ್ನು ಕೇಳುತ್ತಿದ್ದವು.

ಮೂರನೆಯ ರಾಜ್ಯದ ತಂಡವೊಂದು ಬಂದಾಗ ನೀರಕ್ಕ ಏನನ್ನೂ ಮುಚ್ಚಿಡಲಿಲ್ಲ. ಪರದೆಯ ಮೇಲೆ ಹೊಳೆಯನ್ನು ತೋರಿಸಿದಳು, ಹಸಿರು ಗುರುತು ತೋರಿಸಿದಳು. ಆಮೇಲೆ ತಡೆಹಿಡಿದ ಅಂಕಿಗಳ ಪುಟ ತೆರೆದಳು. ಅವು ಯಾಕೆ ಹೊರಗೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದಳು. ತನ್ನ ತಂಗಿಯ ಮಗಳ ಕಾಲಿನ ಬಗ್ಗೆಯೂ ಹೇಳಿದಳು. ತಂಡದ ಮುಖ್ಯಸ್ಥೆ, ಕನ್ನಡಕ ಹಾಕಿದ, ಮೃದು ಮಾತಿನ ಹೆಂಗಸು, ಪ್ರತಿಯೊಂದು ಮಾತನ್ನೂ ಗಮನವಿಟ್ಟು ಕೇಳುತ್ತಿದ್ದಳು. ಇವಳಿಗಾದರೂ ಅರ್ಥವಾಯಿತು ಎಂದುಕೊಂಡಳು ನೀರಕ್ಕ.

ಚಹಾದ ಸಮಯದಲ್ಲಿ ಆಕೆ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು: "ಆ ತಡೆಹಿಡಿಯೋ ವ್ಯವಸ್ಥೆ ಇದೆಯಲ್ಲ ಮೇಡಂ, ಅದು ಸಾಧನದ ಜೊತೆಗೇ ಬರುತ್ತಾ, ಇಲ್ಲಾ ನಾವು ಬೇರೆ ಕೇಳಬೇಕಾ?"

ನೀರಕ್ಕ ಕಪ್ಪನ್ನು ಕೆಳಗಿಟ್ಟು ಬಚ್ಚಲಿಗೆ ಹೋದಳು. ಕುಡಿದ ಚಹಾ ಎಲ್ಲ ಹೊರಬಂತು. ಬಾಯಿ ತೊಳೆದುಕೊಂಡು ಬಂದು, "ಜೊತೆಗೇ ಬರುತ್ತೆ," ಎಂದಷ್ಟೇ ಹೇಳಿದಳು. ಸುಳ್ಳು ಹೇಳುವುದು ಅವಳಿಗೆ ಆಗ ಕೂಡ ಬರಲಿಲ್ಲ.

ಆ ತಿಂಗಳೇ ಅವಳು ಸ್ವಯಂ ನಿವೃತ್ತಿ ಕೇಳಿ ಬರೆದುಕೊಟ್ಟಳು. ಯಾರೂ ತಡೆಯಲಿಲ್ಲ. ತಂಗಿಯ ಮಗಳ ಕಾಲು ವಾಸಿಯಾದರೂ ಕಪ್ಪು ಕಲೆಗಳು ಉಳಿದವು. ಎಚ್ಚರಿಕೆ ಪತ್ರ ಬಂದರೂ ಮೇಷ್ಟ್ರು ವಾರಕ್ಕೊಮ್ಮೆ ಫೋನು ಮಾಡಿ ಅಂಕಿ ಹೇಳುತ್ತಾರೆ. ನೀರಕ್ಕ ಓಣಿಗೆ ಹೋಗಿ ಮನೆಮನೆಗೂ ಹೇಳಿ ಬರುತ್ತಾಳೆ. ಕೆಲವರು ಕೇಳುತ್ತಾರೆ. ಉಳಿದವರು ಬಟ್ಟೆಯ ಗಂಟು ಹೊತ್ತು, ಅವಳ ಕಣ್ಣು ತಪ್ಪಿಸಿ ಮೆಟ್ಟಿಲು ಇಳಿಯುತ್ತಾರೆ.